ಗುಣವಾಯಿತೆಂಬ ಮಾತನ್ನು ತೂಗುವ ಬಗೆ

ಮುಡುಕುತೊರೆಯ ಮಲ್ಲಿಕಾರ್ಜುನನ ಜಾತ್ರೆಯಲ್ಲಿ, ದನಗಳ ಸಾಲಿನಾಚೆ ಗೋಣಿಚೀಲ ಹಾಸಿಕೊಂಡು ಕೀಲುನೋವಿನ ಎಣ್ಣೆ ಮಾರುವವನ ಮುಂದೆ ನಿಂತು, “ಮೂರೇ ದಿನಕ್ಕೆ ಗುಣವಾಯಿತು ಕಣಪ್ಪ” ಎಂದು ಮೊಣಕಾಲನ್ನು ಮಡಿಸಿ ತೋರಿಸುವ ಹಿರಿಯರ ಮಾತು ಸುಳ್ಳೆಂದು ನಾನು ಹೇಳಲಾರೆ. ಆದರೆ, ಪ್ರಿಯ ವಿದ್ಯಾರ್ಥಿಗಳಿರಾ, ಎಣ್ಣೆ ಹಚ್ಚದಿದ್ದರೂ ಆ ನೋವು ತಾನಾಗಿಯೇ ಇಳಿಯುತ್ತಿತ್ತೇ ಎಂಬ ಪ್ರಶ್ನೆಗೆ ಆ ಒಂದು ಮೊಣಕಾಲು ಉತ್ತರ ಕೊಡಲಾರದು.

ಉತ್ತರಕ್ಕೆ ಹೋಲಿಕೆ ಬೇಕು. ಆರೋಗ್ಯಧಾಮದ ಶುದ್ಧವಾಯು, ಪುಷ್ಟಿಕರ ಆಹಾರ, ವಿಶ್ರಾಂತಿಗಳಿಲ್ಲದೆ ಕ್ಷಯವು ವಾಸಿಯಾಗದೆಂದು ವೈದ್ಯಲೋಕವೇ ನಂಬಿದ್ದ ಕಾಲದಲ್ಲಿ, 1956ರಲ್ಲಿ ಮದರಾಸಿನಲ್ಲಿ ಪ್ರಾರಂಭವಾದ ಅಧ್ಯಯನವೊಂದು, ಬಹುಪಾಲು ಬಡವರೇ ಆಗಿದ್ದ 193 ಮಂದಿ ರೋಗಿಗಳನ್ನು, ವೈದ್ಯರ ಇಚ್ಛೆಗಾಗಲಿ ರೋಗಿಯ ಇಚ್ಛೆಗಾಗಲಿ ಎಡೆಗೊಡದೆ, ಚೀಟಿಯೆತ್ತಿದಂತೆ ಎರಡು ಪಂಗಡವಾಗಿ ವಿಭಾಗಿಸಿ, ಒಂದಕ್ಕೆ ಆರೋಗ್ಯಧಾಮದಲ್ಲಿಯೂ ಇನ್ನೊಂದಕ್ಕೆ ಇಕ್ಕಟ್ಟಾದ ಮನೆಗಳಲ್ಲಿಯೂ ಒಂದೇ ಬಗೆಯ ಔಷಧಗಳನ್ನು ಒಂದು ವರ್ಷ ಕೊಟ್ಟು ನೋಡಿತು. ಗುಣಹೊಂದಿದವರ ಪ್ರಮಾಣದಲ್ಲಿ ಹೇಳಿಕೊಳ್ಳುವಂತಹ ಅಂತರವಿರಲಿಲ್ಲ. ಮನೆಮಂದಿಗೆ ಸೋಂಕಿನ ಭಯವೂ ಹೆಚ್ಚಲಿಲ್ಲ. ಹಾಸಿಗೆ ದೊರಕದೆ ಕಾಯುತ್ತಿದ್ದ ಬಡವರ ಪಾಲಿಗೆ ಇದಕ್ಕಿಂತ ದೊಡ್ಡ ಉಪಕಾರವನ್ನು ನಾನು ಕಾಣೆ.

ಆದುದರಿಂದ, ಸಂತೆಯಲ್ಲಾಗಲಿ ಪತ್ರಿಕೆಯಲ್ಲಾಗಲಿ ಯಾರಾದರೂ ಔಷಧವೊಂದನ್ನು ಹೊಗಳಿದಾಗ, ಎಷ್ಟು ಮಂದಿಗೆ ಕೊಟ್ಟರು, ಕೊಡದವರ ಗತಿಯೇನಾಯಿತು ಎಂದು ವಿನಯದಿಂದಲೇ ಕೇಳಿರಿ.