ಶಾಲೆಯ ಮಾಧ್ಯಮವೂ ಮೊದಲ ಉದ್ಯೋಗವೂ

ಒಂದೇ ಬೀದಿಯಲ್ಲಿ ಬೆಳೆದ ಮಕ್ಕಳು ಶಾಲೆ ಮುಗಿಸಿದ ಕೆಲವೇ ವರ್ಷಗಳಲ್ಲಿ ತೀರ ಭಿನ್ನವಾದ ವೃತ್ತಿಗಳಲ್ಲಿ ನೆಲೆಗೊಳ್ಳುವುದೇಕೆ? ಕೈವನ್ ಮುನ್ಶಿ ಹಾಗೂ ಮಾರ್ಕ್ ರೋಸೆನ್ಸ್‌ವೈಗ್ ಎಂಬ ಅರ್ಥಶಾಸ್ತ್ರಜ್ಞರು ಈ ಪ್ರಶ್ನೆಯನ್ನು ನಮ್ಮ ಮುಂಬಯಿಯ ದಾದರಿನಲ್ಲಿಯೇ ಪರಿಶೀಲಿಸಿದರು. ಅವರ ಪ್ರಬಂಧವು 2006ರಲ್ಲಿ ಪ್ರಕಟವಾಯಿತು.

ದಾದರಿನ ಮರಾಠಿ ಹಾಗೂ ಇಂಗ್ಲಿಷ್ ಮಾಧ್ಯಮದ ಶಾಲೆಗಳಿಗೆ ಸುಮಾರು ಇಪ್ಪತ್ತು ವರ್ಷಗಳ ಅವಧಿಯಲ್ಲಿ ಸೇರಿದ ಮಕ್ಕಳನ್ನು ಆರಿಸಿಕೊಂಡು, 4,000ಕ್ಕೂ ಮಿಕ್ಕ ಮಹಾರಾಷ್ಟ್ರೀಯ ಕುಟುಂಬಗಳಿಂದ ಅವರು ವಿವರಗಳನ್ನು ಸಂಗ್ರಹಿಸಿದರು. 1991ರ ಆರ್ಥಿಕ ಸುಧಾರಣೆಗಳ ತರುವಾಯ ಇಂಗ್ಲಿಷ್ ಬಲ್ಲವರಿಗೆ ದೊರೆಯುವ ಕಚೇರಿ ಉದ್ಯೋಗಗಳ ಸಂಬಳವು ಗಣನೀಯವಾಗಿ ಏರಿತು. ಆದರೂ ಶ್ರಮಿಕ ಜಾತಿಗಳ ಗಂಡುಮಕ್ಕಳಲ್ಲಿ ಹೆಚ್ಚಿನವರು ಮರಾಠಿ ಶಾಲೆಗಳಿಗೇ ಸೇರುತ್ತಿದ್ದರು. ಗಿರಣಿ, ಕಾರಖಾನೆಗಳಲ್ಲಿ ಅವರ ಜಾತಿಬಾಂಧವರು ಮೊದಲೇ ಇದ್ದುದರಿಂದ ಒಬ್ಬನ ಮಾತಿನ ಮೇಲೆ ಮತ್ತೊಬ್ಬನಿಗೆ ಕೆಲಸ ಸಿಗುತ್ತಿತ್ತು. ಅಂತಹ ಕೆಲಸಕ್ಕೆ ಇಂಗ್ಲಿಷ್ ಬೇಕಿರಲಿಲ್ಲ. ಅದೇ ಜಾತಿಗಳ ಹೆಣ್ಣುಮಕ್ಕಳ ಸಂಗತಿ ಬೇರೆ. ಹಿಂದೆ ಅವರಲ್ಲಿ ದುಡಿಮೆಗೆ ಹೋಗುವವರು ವಿರಳವಾಗಿದ್ದು, ಈ ಸಹಾಯವು ಅವರ ಪಾಲಿಗೆ ಇರಲೇ ಇಲ್ಲ. ಆದಕಾರಣ ಅವರು ಶೀಘ್ರವಾಗಿ ಇಂಗ್ಲಿಷ್ ಶಾಲೆಗಳತ್ತ ತಿರುಗಿ ಹೊಸ ಅವಕಾಶಗಳನ್ನು ಪಡೆದರು.

ಇದರಲ್ಲಿ ಮುಂಬಯಿಯ ಕನ್ನಡಿಗರಾದ ನಮಗೂ ಪಾಠವಿದೆ. ಊರು ಬಿಟ್ಟು ಬಂದ ಎಷ್ಟೋ ಹುಡುಗರಿಗೆ ಊರವರ ಹೋಟೆಲುಗಳಲ್ಲಿ ಅನ್ನವೂ ಆಸರೆಯೂ ದೊರೆತವು; ಹಗಲು ದುಡಿದು ರಾತ್ರಿಶಾಲೆಯಲ್ಲಿ ಓದಿದವರು ಅನೇಕರು. ಆ ಉಪಕಾರವನ್ನು ಮರೆಯಲಾಗದು. ಆದರೆ ಬಾಲಕನ ಅಭಿರುಚಿಯನ್ನು ಕೇಳುವ ಮೊದಲೇ ಬಂಧುಗಳ ಪರಿಚಯವು ಅವನ ವೃತ್ತಿಯನ್ನು ನಿರ್ಧರಿಸಿದರೆ, ಆಸರೆಯೇ ಕಟ್ಟಾಗಿ ಪರಿಣಮಿಸುತ್ತದೆ.

ಈ ಸಂಶೋಧನೆಯಿಂದ ಮಾತೃಭಾಷೆಯ ವಿದ್ಯೆಯೇ ಕೀಳೆಂದು ತೀರ್ಮಾನಿಸುವುದು ಸಲ್ಲದು. ಹಾಗೆಂದು ಇಂಗ್ಲಿಷಿಗೆ ಉದ್ಯೋಗದ ಪೇಟೆಯಲ್ಲಿರುವ ಬೆಲೆಯನ್ನು ಮಕ್ಕಳಿಂದ ಮರೆಮಾಡುವುದೂ ನ್ಯಾಯವಲ್ಲ. ಗಣಿತ, ವಿಜ್ಞಾನಗಳನ್ನು ಕನ್ನಡದಲ್ಲಿ ಮನವರಿಕೆಯಾಗುವಂತೆ ಕಲಿಸುವ ಶಾಲೆಯು ಇಂಗ್ಲಿಷನ್ನು ಒಂದು ಭಾಷೆಯಾಗಿ ಅಷ್ಟೇ ಶ್ರದ್ಧೆಯಿಂದ ಕಲಿಸಬೇಕು. ಹತ್ತನೆಯ ಇಯತ್ತೆಗೆ ಬರುವ ಮುನ್ನವೇ ನಾನಾ ವೃತ್ತಿಗಳ ಪರಿಚಯವನ್ನೂ ಮಾಡಿಕೊಡಬೇಕು.

ವಿದ್ಯಾರ್ಥಿಮಿತ್ರರೇ, ಹಿರಿಯರು ತೋರಿಸುವ ಕೆಲಸವನ್ನು ಗೌರವದಿಂದ ಕಾಣಿರಿ. ಆದರೆ ಅದನ್ನು ಒಪ್ಪಿಕೊಳ್ಳುವ ಮೊದಲು ಬೇರೆ ಯಾವ ಕೆಲಸಗಳಿವೆ, ಅವುಗಳಿಗೆ ಏನನ್ನು ಓದಬೇಕು ಎಂಬುದನ್ನು ನಿಮ್ಮ ಅಧ್ಯಾಪಕರಲ್ಲಿ ವಿಚಾರಿಸಿರಿ. ವಿದ್ಯಾರ್ಥಿನಿಯರೂ ಹೀಗೆಯೇ ವಿಚಾರಿಸಬೇಕು.