ಜಾಲಿಯ ನೆರಳು

ಮಗಳೇ, ಅಳಿಯಂದಿರೇ,

ಫೀನಿಕ್ಸ್ ಪಕ್ಕದ ನಿಮ್ಮ ಟೆಂಪೆಯಿಂದ ಊರಿಗೆ ಬಂದು ತಿಂಗಳಾಯಿತು. ಫೋನಿನಲ್ಲಿ ಹೇಳಹೋದರೆ ಕೂಸಿನ ಅಳುವಿನಲ್ಲಿ ಅರ್ಧ ಮಾತು ಕೊಚ್ಚಿಹೋಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಈ 2023ರ ಜುಲೈ ಇನ್ನೂ ನನ್ನ ಕಣ್ಣಲ್ಲೇ ಇದೆ. ಫೀನಿಕ್ಸ್‌ನಲ್ಲಿ ಸತತ 31 ದಿನ 43 ಡಿಗ್ರಿ ದಾಟಿದ ಬಿಸಿಲು. ಮಳೆಗಾಲ ಅನ್ನಿಸಿಕೊಂಡ ಮೂರೂವರೆ ತಿಂಗಳಲ್ಲಿ ಅಲ್ಲಿ ಬಿದ್ದದ್ದು ನಾಲ್ಕು ಮಿಲಿಮೀಟರೂ ಅಲ್ಲ. ತಣ್ಣೀರಿನ ನಲ್ಲಿ ತಿರುಗಿಸಿದರೂ ಬಿಸಿನೀರೇ. ರಾತ್ರಿ ಬಕೆಟ್ ತುಂಬಿಟ್ಟು, ಆರಿದ ಮೇಲೆ ಬೆಳಿಗ್ಗೆ ಕೂಸಿಗೆ ಎರೆಯುತ್ತಿದ್ದೆವು. ಎರೆದ ನೀರನ್ನು ನಾನು ಹೊರಗೆ ಮರದ ಬುಡಕ್ಕೆ ಹೊಯ್ಯುವಾಗ ನೀನು, 'ಅವ್ವಾ, ಬಿಡು' ಅಂತಿದ್ದೆ. ಬಿಡಲಾಗುವುದಿಲ್ಲ ಮಗಳೇ. ಎಪ್ಪತ್ತೆರಡರ ಬರದಲ್ಲಿ ನನಗೆ ಹತ್ತು ವರ್ಷ. ನಮ್ಮವ್ವ ಕಾಮಗಾರಿಯಲ್ಲಿ ಕಲ್ಲು ಒಡೆದು ಬಂದು, ನಮ್ಮ ಮೈತೊಳೆದ ನೀರನ್ನೇ ಬೇವಿನ ಗಿಡಕ್ಕೆ ಹಾಕುತ್ತಿದ್ದಳು. ಆ ಬೇವು ಇವತ್ತಿಗೂ ಅಂಗಳದಲ್ಲಿದೆ.

ನೀವು ಅಲ್ಲಿ ಮೆಸ್ಕೀಟ್ ಅನ್ನುವ ಆ ಮರ ನಮ್ಮ ಬಳ್ಳಾರಿ ಜಾಲಿಯ ಕುಲದ್ದೇ. ಎಲೆ, ಕಾಯಿ ಕಂಡೊಡನೆ ಗುರುತು ಹಿಡಿದೆ. ಹೊಲಕ್ಕೆ ನುಗ್ಗುತ್ತದೆಂದು ಇಲ್ಲಿ ಬೈಸಿಕೊಳ್ಳುವ ಜಾಲಿ ಅಲ್ಲಿ ತಾಯಿ ಕೆಲಸ ಮಾಡುತ್ತದೆ. ಸಗ್ವಾರೊ ಕಳ್ಳಿಯ ಸಸಿ ಬಟ್ಟಬಯಲಲ್ಲಿ ಉಳಿಯುವುದು ಕಷ್ಟ. ಮೆಸ್ಕೀಟ್, ಪಾಲೊವರ್ಡೆಯಂಥ ಮರದ ಕೆಳಗೆ ಬಿದ್ದ ಬೀಜವೇ ಹೆಚ್ಚಾಗಿ ಬದುಕುವುದು. ಎಂಟು ವರ್ಷಕ್ಕೆ ಒಂದೂವರೆ ಇಂಚು ಬೆಳೆದರೆ ದೊಡ್ಡದು. ಮೊದಲ ಕೊಂಬೆ ಚಾಚಲು ಐವತ್ತು ವರ್ಷವೂ ಬೇಕು, ಎಪ್ಪತ್ತೈದೂ ಬೇಕು. ಥೀಸಿಸ್ಸಿನ ಒಂದು ಅಧ್ಯಾಯ ಈ ಸೆಮಿಸ್ಟರಿನಲ್ಲಿ ಮುಗಿಯಲಿಲ್ಲವೆಂದು ಅಡಿಗೆಮನೆಯ ನೆಲದ ಮೇಲೆ ಕೂತು ಅತ್ತೆಯಲ್ಲ, ಆಗ ಇದನ್ನು ಹೇಳಬೇಕು ಅನ್ನಿಸಿತ್ತು. ನಿನ್ನ ತೊಡೆಯ ಮೇಲೆ ಜ್ವರದ ಕೂಸು, ಅಳಿಯಂದಿರು ಲ್ಯಾಬಿನಲ್ಲಿ. ಹೇಳುವ ಹೊತ್ತಾಗಿರಲಿಲ್ಲ ಅದು.

ಇನ್ನೊಂದು ಮಾತು. ಸಗ್ವಾರೊ ಹಗಲು ತನ್ನ ರಂಧ್ರಗಳನ್ನು ಮುಚ್ಚಿಕೊಂಡು, ರಾತ್ರಿ ತಂಪಿನಲ್ಲಿ ಉಸಿರಾಡುತ್ತದೆ. ಈ ಬೇಸಿಗೆಯಲ್ಲಿ ಎಷ್ಟೋ ದಿನ ರಾತ್ರಿಯೂ 32 ಡಿಗ್ರಿಗಿಂತ ಕೆಳಗಿಳಿಯಲಿಲ್ಲ. ನೂರು ವರ್ಷ ಬರ ಉಂಡ ಕಳ್ಳಿಗಳೂ ಕೊಂಬೆ ಕಳಚಿ ನೆಲಕ್ಕುರುಳಿದವು. ನೀವಿಬ್ಬರೂ ಹಗಲು ಕ್ಲಾಸು, ಪಾಠ ಹೇಳುವ ಕೆಲಸ, ರಾತ್ರಿ ಕೂಸು, ಮತ್ತೆ ಲ್ಯಾಪ್‌ಟಾಪ್ ಅಂತ ಕೂರುತ್ತೀರಿ. ಇದಕ್ಕೆ ಛಲ ಅನ್ನಲು ನನಗೆ ಮನಸ್ಸಿಲ್ಲ. ಸರದಿ ಹಾಕಿಕೊಳ್ಳಿ. ಒಬ್ಬರು ಎದ್ದಿದ್ದರೆ ಇನ್ನೊಬ್ಬರು ಬಾಗಿಲು ಮುಚ್ಚಿ ಮಲಗಲೇಬೇಕು. ಅಳಿಯಂದಿರೇ, ನಿಮಗೆ ಹೇಳುವಷ್ಟು ದೊಡ್ಡವಳಲ್ಲ ನಾನು, ಆದರೂ ಹೇಳುತ್ತೇನೆ: ಅವಳ ಸರದಿಯ ನಿದ್ದೆಯನ್ನು ನೀವು ಕಾಯಬೇಕು.

ಮೇಲಿನ ಮನೆಯ ಆ ಮೆಕ್ಸಿಕೋದ ಅಜ್ಜಿ, ನೀನು ಅತ್ತ ದಿನ ಬಂದು ಕೂಸನ್ನು ಎತ್ತಿಕೊಂಡು ಹೋದಳಲ್ಲ! ಅವಳ ಮಾತು ನನಗೆ ತಿಳಿಯದು, ನನ್ನದು ಅವಳಿಗೆ ತಿಳಿಯದು. ಮರುದಿನ ನೀನು, 'ಅವರಿಗೆ ತೊಂದರೆ ಕೊಟ್ಟೆವು' ಅಂತ ಮುಖ ತಗ್ಗಿಸಿದೆ. ಬೇಡ ಮಗಳೇ. ಸಸಿ ಮರದ ಮುಂದೆ ತಲೆ ತಗ್ಗಿಸುವುದಿಲ್ಲ. ಬರದ ವರ್ಷ ನಮ್ಮ ಮನೆಗೆ ಸೇರು ಜೋಳ ಕೊಟ್ಟವರ ಹೆಸರನ್ನು ಅವ್ವ ಸಾಯುವವರೆಗೂ ಹಬ್ಬ ಬಂದಾಗಲೆಲ್ಲ ನೆನೆಯುತ್ತಿದ್ದಳು, ಅವರ ಮನೆಗೆ ಎಡೆ ಕಳಿಸಿಯೇ ತಾನು ಉಣ್ಣುತ್ತಿದ್ದಳು.

ಇಲ್ಲಿಯೂ ಈ ವರ್ಷ ಬರ. ಇನ್ನೂರಕ್ಕೂ ಹೆಚ್ಚು ತಾಲ್ಲೂಕು ಬರಪೀಡಿತವೆಂದು ಸರಕಾರ ಸಾರಿದೆ, ನಮ್ಮ ತೊಗರಿ ಹೂವಲ್ಲೇ ಒಣಗಿತು. ಮನೆಯಲ್ಲಿ ಹೋದ ವರ್ಷದ ಶೇಂಗಾ ಇತ್ತು. ಅದರ ಹೋಳಿಗೆ ಮಾಡಿ, ಅಲ್ಲಿಗೆ ಓದಲು ಬರುತ್ತಿರುವ ಹುಡುಗನ ಕೈಯಲ್ಲಿ ಕಳಿಸಿದ್ದೇನೆ. ಒಟ್ಟು ಇಪ್ಪತ್ತಿವೆ. ಹತ್ತು ಮೇಲಿನ ಅಜ್ಜಿಗೆ. ಮೊದಲು ಅಲ್ಲಿಗೆ ಕೊಟ್ಟು ಬಾ, ಕೂಸನ್ನು ಎತ್ತಿಕೊಂಡೇ ಹೋಗು.