ಬರೆದುಕೊಟ್ಟವನೇ ಬೆದರಿಸಿದರೆ ಏನು ಮಾಡಬೇಕು?



ಪ್ರಬಂಧ ಸಲ್ಲಿಸುವ ದಿನ ಹತ್ತಿರ ಬಂದಂತೆ ಮೊಬೈಲಿಗೆ "ನಾವು ಬರೆದುಕೊಡ್ತೀವಿ, ಯಾರಿಗೂ ಗೊತ್ತಾಗೋದಿಲ್ಲ" ಎಂಬ ಸಂದೇಶಗಳು ಬರುತ್ತವೆ. ಹೊಸಪೇಟೆಯ ಕಾಲೇಜುಗಳಲ್ಲಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ, ಸಂಡೂರಿನ ನಂದಿಹಳ್ಳಿ ಸ್ನಾತಕೋತ್ತರ ಕೇಂದ್ರದಲ್ಲಿ ಓದುವ ಅನೇಕರು ತಮ್ಮ ಮನೆತನದಲ್ಲಿ ಇಷ್ಟು ಓದಿದ ಮೊದಲಿಗರು. ಗಣಿ ಕೂಲಿಯಿಂದಲೋ, ಕಂಪ್ಲಿಯ ಗದ್ದೆ ಕೆಲಸದಿಂದಲೋ ಓದಿಸಿದ ಅಪ್ಪ-ಅಮ್ಮನ ಹತ್ತಿರ ಪ್ರಬಂಧ ಹೇಗೆ ಬರೆಯೋದು ಅಂತ ಕೇಳಲಾಗದು. ಮೋಸಗಾರನಿಗೆ ಬೇಕಾದದ್ದು ಇದೇ.

ಮೊದಲು ಅವನು ನಿಮ್ಮ ಕಾಲೇಜು, ಗೈಡ್ ಹೆಸರು, ಗುರುತಿನ ಚೀಟಿ ಕೇಳುತ್ತಾನೆ. ಹಣ ಕೊಟ್ಟ ಮೇಲೆ ಮಾತು ಬದಲಾಗುತ್ತದೆ: "ಇನ್ನಷ್ಟು ಹಾಕು, ಇಲ್ಲಾಂದ್ರೆ ಚಾಟ್ ಎಲ್ಲಾ ನಿಮ್ಮ ಪ್ರಿನ್ಸಿಪಾಲರಿಗೆ ಕಳಿಸ್ತೀನಿ." ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಭಯವೇ ಅವನ ಬಂಡವಾಳ.

ಇಲ್ಲಿ ಎರಡು ವಿಷಯಗಳನ್ನು ಬೇರೆ ಬೇರೆಯಾಗಿ ನೋಡಬೇಕು. ಬೇರೆಯವರಿಂದ ಬರೆಸುವುದು ತಪ್ಪು. ಅದನ್ನು ವಿಭಾಗದಲ್ಲಿ ಒಪ್ಪಿಕೊಂಡು ತಿದ್ದಿಕೊಳ್ಳಬೇಕು. ಆದರೆ ಬೆದರಿಸಿ ಹಣ ಕೀಳುವುದು ಅಪರಾಧ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 308ನೇ ಕಲಮಿನಂತೆ ಇದಕ್ಕೆ 7 ವರ್ಷದವರೆಗೆ ಜೈಲು ಶಿಕ್ಷೆ ಇದೆ. ಹಣ ಕೀಳಲು ಹೆದರಿಸುವುದೂ ಅಪರಾಧವೇ. ನಿಮ್ಮ ತಪ್ಪು ಅವನಿಗೆ ರಕ್ಷಣೆಯಲ್ಲ.

ಹಾಗಾದರೆ ಏನು ಮಾಡಬೇಕು?

1. ಮತ್ತೆ ಹಣ ಹಾಕಬೇಡಿ. ಒಮ್ಮೆ ಕೊಟ್ಟರೆ ಸುಮ್ಮನಾಗ್ತಾನೆ ಅಂದುಕೊಳ್ಳಬೇಡಿ. ಕೊಡುವವರು ಸಿಕ್ಕರು ಎಂದು ಮತ್ತೆ ಕೇಳುತ್ತಾನೆ.

2. ಚಾಟ್ ಅಳಿಸಬೇಡಿ. ಫೋನ್ ನಂಬರ್, ಸಂದೇಶ, ಹಣ ಹೋದ ಖಾತೆಯ ವಿವರಗಳ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಆಮೇಲೆ ಅವನನ್ನು ಬ್ಲಾಕ್ ಮಾಡಿ.

3. ಅವನು ಹೇಳುವ ಮೊದಲು ನೀವೇ ಗೈಡ್‌ಗೆ ಹೇಳಿ. ಪ್ರಬಂಧ ಇನ್ನೂ ಸಲ್ಲಿಸಿಲ್ಲವಾದರೆ ಅದನ್ನು ಬಿಟ್ಟು, ಸಮಯ ಕೇಳಿ, ಸ್ವಂತ ಬರೆಯಿರಿ. ಸಲ್ಲಿಸಿದ್ದರೆ ಶಿಕ್ಷೆ ಆಗಬಹುದು, ಒಂದು ವರ್ಷ ಹೋಗಲೂಬಹುದು. ಆದರೆ ಗುಟ್ಟು ಉಳಿಯದಿದ್ದಾಗ ಬೆದರಿಕೆಗೆ ಬಲವಿಲ್ಲ.

4. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲೂ ದೂರು ಕೊಡಬಹುದು. 2021ರಿಂದ ಹೊಸಪೇಟೆ, ಹಂಪಿ ವಿಜಯನಗರ ಜಿಲ್ಲೆಗೆ ಸೇರಿವೆ. ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಇವೆ. ಯಾವ ಠಾಣೆಗೆ ಹೋಗಬೇಕು ಎಂಬ ಗೊಂದಲ ಬೇಡ. ವ್ಯಾಪ್ತಿಯ ನೆಪ ಹೇಳಿ ದೂರು ನಿರಾಕರಿಸುವಂತಿಲ್ಲ.

5. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಉಚಿತ ಕಾನೂನು ನೆರವಿನ ಹಕ್ಕಿದೆ: 15100. ಬದುಕೇ ಬೇಡ ಅನ್ನಿಸಿದರೆ ಒಬ್ಬರೇ ಕೂರಬೇಡಿ; ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಎನ್ನದೆ ಕರೆ ಮಾಡಬಹುದು.

ಪಾಲಕರೇ, ಮಗ ಅಥವಾ ಮಗಳು ಕಾರಣ ಹೇಳದೆ ಪದೇ ಪದೇ ಹಣ ಕೇಳಿದರೆ, ಫೋನ್ ಬಂದಾಗ ಬೆಚ್ಚಿದರೆ, ಬೈಯುವ ಮೊದಲು ಕೂರಿಸಿಕೊಂಡು ಕೇಳಿ. ಉಪನ್ಯಾಸಕರೇ, ತಾನಾಗಿ ಬಂದು ಹೇಳುವ ವಿದ್ಯಾರ್ಥಿಗೆ ಬಾಗಿಲು ತೆರೆದಿರಲಿ.

ವಿದ್ಯಾರ್ಥಿಗಳೇ, ನಿಮ್ಮ ಭಾಷೆ ಒರಟಾಗಿರಬಹುದು, ತಪ್ಪುಗಳಿರಬಹುದು. ಆದರೂ ನೀವೇ ಬರೆದ ಹತ್ತು ಪುಟ ಇಟ್ಟುಕೊಂಡು ನಿಮ್ಮನ್ನು ಯಾರೂ ಹೆದರಿಸಲಾರರು.